ಎಲೆಗಾಡಿಯ ತಿರುವು

"ಮೇಷ್ಟ್ರೇ, ಕೊನೆಯ ತಿರುವಿನಲ್ಲಿ ನನ್ನ ಕಣ್ಣು ಎಲ್ಲಿರಬೇಕು?" ಎಂದು ಕುಮುದಾ ಕೇಳಿದಳು.

ಸಂಪಂಗಯ್ಯ ಮೇಷ್ಟ್ರು ಟ್ರ್ಯಾಕಿನ ಆ ತುದಿಯಿಂದ ಮೋಟು ಸ್ಟೂಲೊಂದನ್ನು ಹಿಡಿದು, ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತ ಆಗಷ್ಟೇ ನಡೆದು ಬಂದಿದ್ದರು. ಸ್ಟೂಲನ್ನು ಶೆಡ್ಡಿನ ನೆರಳಿನಲ್ಲಿಟ್ಟು ಕುಳಿತರು. ಹೆಗಲ ಮೇಲಿನ ಕೆಂಪು ಟವೆಲಿನಿಂದ ಕತ್ತು ಒರೆಸಿಕೊಂಡರು.

ಕುಮುದಾ ಬೆಳಗ್ಗೆ ಮತ್ತು ಸಂಜೆ ಶಾಲೆಯ ವ್ಯಾನು ಓಡಿಸುತ್ತಿದ್ದಳು. ನಡುವಿನ ಹೊತ್ತಿನಲ್ಲಿ ಇಲ್ಲಿಗೆ ಬಂದು ಕಾರ್ಟ್ ಓಡಿಸುವುದನ್ನು ಕಲಿಯುತ್ತಿದ್ದಳು. ನೆಲದಿಂದ ಗೇಣಷ್ಟೇ ಮೇಲೆ ಓಡುವ, ಒಬ್ಬರೇ ಕೂರುವ, ಚಾವಣಿಯಿಲ್ಲದ ಪುಟ್ಟ ಪಂದ್ಯದ ಗಾಡಿ ಅದು. ಕಲಿಯತೊಡಗಿ ಮೂರು ವರ್ಷವಾಗಿತ್ತು. ನಾಳೆ ಬೆಳಗ್ಗೆ ಒಂದು ಪಂದ್ಯದ ತಂಡದವರು ಬರುವವರಿದ್ದರು. ಟ್ರ್ಯಾಕನ್ನು ಐವತ್ತು ಸೆಕೆಂಡಿನೊಳಗೆ ಒಂದು ಸುತ್ತು ಸುತ್ತಿದವರಿಗೆ ತಂಡದಲ್ಲಿ ಜಾಗ. ಕುಮುದಾಳ ಸುತ್ತು ಒಮ್ಮೆಯೂ ಐವತ್ತೂವರೆಗಿಂತ ಕೆಳಗಿಳಿದಿರಲಿಲ್ಲ. ಬರುವ ವರ್ಷಕ್ಕೆ ತಂಡದವರು ಹೇಳಿದ ವಯಸ್ಸು ಅವಳಿಗೆ ದಾಟಿರುತ್ತದೆ. ಹಾಗಾಗಿ ಅವಳಿಗೆ ಇದ್ದದ್ದು ನಾಳೆಯೊಂದೇ; ಬೇಕಾದದ್ದು ಅರ್ಧ ಸೆಕೆಂಡು.

"ತಟ್ಟೆ ತಗೊ," ಎಂದರು ಮೇಷ್ಟ್ರು.

"ಈಗ್ಲೂ ತಟ್ಟೇನಾ?"

"ಈಗ್ಲೇ ತಟ್ಟೆ."

ಅದು ಅವರ ಪಾಠದ ಪದ್ಧತಿ. ಗಾಡಿ ಹತ್ತುವ ಮೊದಲು ಕಲಿಯುವವರು ತಮ್ಮ ಊಟದ ತಟ್ಟೆಯನ್ನು ಸ್ಟೀರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿಯಬೇಕು. ಕಣ್ಣು ಮುಚ್ಚಿ ಇಡೀ ಟ್ರ್ಯಾಕನ್ನು ಮನಸ್ಸಿನಲ್ಲಿ ಒಂದು ಸುತ್ತು ಓಡಿಸಬೇಕು. ಬ್ರೇಕ್ ಹಿಡಿಯುವ ಕಡೆ ಕಾಲು ಒತ್ತಬೇಕು, ತಿರುಗುವ ಕಡೆ ತಟ್ಟೆ ತಿರುಗಬೇಕು. ಹೊರಡುವಾಗ 'ಹೂಂ' ಎನ್ನಬೇಕು, ಮುಗಿದಾಗ 'ಬಂದೆ' ಎನ್ನಬೇಕು. ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದಿರುತ್ತಿದ್ದರು. ಮನಸ್ಸು ಕಾಣದ ದಾರಿಯಲ್ಲಿ ಗಾಡಿ ವೇಗವಾಗಿ ಹೋಗಲಾರದು ಎಂಬುದು ಅವರ ನಂಬಿಕೆ.

ಕುಮುದಾ ಕಣ್ಣು ಮುಚ್ಚಿ "ಹೂಂ" ಎಂದಳು. ತಟ್ಟೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕೊನೆಯಲ್ಲಿ ಒಂದು ಸಲ ದೀರ್ಘವಾಗಿ ಎಡಕ್ಕೆ ವಾಲಿ ನೇರವಾಯಿತು. "ಬಂದೆ," ಎಂದಳು.

"ನಲವತ್ತೊಂಬತ್ತೂಕಾಲು."

"ನೋಡಿ, ತಟ್ಟೇಲಿ ನಾನೇ ಚಾಂಪಿಯನ್ನು."

"ಹೌದಮ್ಮ. ನಾಳೆ ಅವರಿಗೆ ತಟ್ಟೇನೇ ತೋರಿಸು. ಅನ್ನ ಸಾರು ಹಾಕಿ ಕಳಿಸ್ತಾರೆ."

ಕುಮುದಾ ನಕ್ಕಳು. ಆಮೇಲೆ ನಗು ನಿಂತಿತು.

"ತಟ್ಟೇಲಿ ಕೊನೆ ತಿರುವಿನ ಹತ್ತಿರ ಏನು ಕಂಡೆ?" ಎಂದು ಮೇಷ್ಟ್ರು ಕೇಳಿದರು.

"ತಿರುವಿನಾಚೆಯ ನೇರ ದಾರಿ. ಅದರ ತುದೀಲಿ ಮುಗಿಯೋ ಗೆರೆ."

"ಮತ್ತೆ?"

"ಮತ್ತೇನು? ಅಷ್ಟೇ."

"ಗಾಡೀಲಿ ಕೂತಾಗ?"

"ಅದಕ್ಕೇ ಅಲ್ವಾ ಕೇಳ್ತಿರೋದು! ಗಾಡೀಲಿ ಕೂತಾಗ ಅಲ್ಲಿ ಏನೋ ಹಿಡಿದು ಎಳೆದ ಹಾಗಾಗತ್ತೆ. ಬೇಗ ತಿರುಗೋಕೆ ಆಗಲ್ಲ. ಆ ಟಯರ್ ಗೋಡೆ ಹೆದರಿಕೆ ಇನ್ನೂ ಹೋಗಿಲ್ಲ ಅನ್ಸತ್ತೆ ಮೇಷ್ಟ್ರೇ."

ಹೆದರಿಕೆಗೆ ಕಾರಣವಿತ್ತು. ಕಲಿಯತೊಡಗಿದ ಮೊದಲ ತಿಂಗಳು ಅವಳು ಆ ತಿರುವಿನ ಹೊರಗೆ ಪೇರಿಸಿದ ಹಳೆಯ ಟಯರುಗಳಿಗೆ ಗಾಡಿ ಗುದ್ದಿ ಮಣಿಕಟ್ಟು ಮುರಿದುಕೊಂಡಿದ್ದಳು. ಶೆಡ್ಡಿನಿಂದ ಅವಳ ಬಳಿಗೆ ಓಡುವಾಗ ಮೇಷ್ಟ್ರು ಎಡವಿ ಬಿದ್ದು ಮಂಡಿ ಒಡೆದುಕೊಂಡಿದ್ದರು. ಕೈ ಕೂಡಿಕೊಂಡಿತು. ಮಂಡಿ ಪೂರ್ತಿ ಸರಿಯಾಗಲಿಲ್ಲ. ಅಂದಿನಿಂದ ಅವಳ ಗಾಡಿ ಓಡುವಷ್ಟು ಹೊತ್ತೂ ಮೇಷ್ಟ್ರು ಶೆಡ್ಡಿನಲ್ಲಿರುತ್ತಿರಲಿಲ್ಲ. ಸ್ಟೂಲು ತೆಗೆದುಕೊಂಡು ಆ ತಿರುವಿಗೆ ಹೋಗುತ್ತಿದ್ದರು. ಗಾಡಿ ಬರುವ ಸದ್ದಾದರೆ ಎದ್ದು ನಿಲ್ಲುತ್ತಿದ್ದರು. ಸುತ್ತು ಚೆನ್ನಾಗಿದ್ದರೆ ಕೆಂಪು ಟವೆಲಿನ ತುದಿಯನ್ನು ಎತ್ತಿ ತೋರಿಸುತ್ತಿದ್ದರು. ಮೂರು ವರ್ಷದಲ್ಲಿ ಕುಮುದಾಳಿಗೆ ಅವರು ಟ್ರ್ಯಾಕಿನದೇ ಒಂದು ಭಾಗದಂತಾಗಿ ಹೋಗಿದ್ದರು.

"ಒಂದು ಕತೆ ಹೇಳ್ತೀನಿ, ಕೇಳು," ಎಂದರು ಮೇಷ್ಟ್ರು.

"ಶಾಲೆ ಬಿಡೋದ್ರೊಳಗೆ ಮುಗಿಯತ್ತಾ? ಮಕ್ಕಳು ಗೇಟಿನ ಹತ್ತಿರ ಗಲಾಟೆ ಎಬ್ಬಿಸ್ತಾವೆ."

"ಬಾಯಿ ಹಾಕದೆ ಕೇಳಿದ್ರೆ ಮುಗಿಯತ್ತೆ."

ಮೇಷ್ಟ್ರು ಹೇಳಿದ ಕತೆ ಇದು.

ಒಬ್ಬ ಗಾಡಿಯವನಿದ್ದ. ತೋಟದಿಂದ ಹೊಳೆಯ ದಡಕ್ಕೆ ವೀಳ್ಯದೆಲೆಯ ಕಟ್ಟುಗಳನ್ನು ಸಾಗಿಸುವುದು ಅವನ ಕೆಲಸ. ದಡದಿಂದ ಹರಿಗೋಲು ಅವನ್ನು ಆಚೆ ದಡದ ಸಂತೆಗೆ ಒಯ್ಯುತ್ತಿತ್ತು. ಹರಿಗೋಲು ದಿನಕ್ಕೆ ಒಂದೇ ಸಲ, ಬಿಸಿಲು ಏರುವ ಮುಂಚೆ ಹೊರಡುತ್ತಿತ್ತು. ಅದು ತಪ್ಪಿದರೆ ಎಲೆ ಬಾಡಿ ಹೋಗುತ್ತಿತ್ತು.

ಗಾಡಿಯವನಿಗೆ ವಯಸ್ಸಾಯಿತು. ಹಗ್ಗ ಹಿಡಿಯುವ ಕೈ ನಡುಗತೊಡಗಿತು. ಅವನಿಗೆ ಇದ್ದವಳು ಒಬ್ಬಳೇ ಮಗಳು. ಅವಳು ಗಾಡಿಯ ಮೇಲೆಯೇ ಬೆಳೆದವಳು. ಗಾಡಿ ಹೊಡೆಯುವುದನ್ನು ಬಿಟ್ಟು ಬೇರೇನನ್ನೂ ಬಯಸಿದವಳಲ್ಲ. ಅಪ್ಪ ಹಗ್ಗವನ್ನು ಅವಳ ಕೈಗೆ ಕೊಟ್ಟ. ತೋಟದ ಯಜಮಾನ ಹೇಳಿದ: "ಹುಡುಗಿ ಎಂದು ನಾನು ಬೇಡ ಎನ್ನುವುದಿಲ್ಲ. ಆದರೆ ಮೂರು ಸಲ ಹರಿಗೋಲು ತಪ್ಪಿಸಿದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ."

ದಾರಿಯಲ್ಲಿ ಒಂದು ಕಡಿದಾದ ತಿರುವಿತ್ತು. ಅದರ ಒಳಬದಿಗೆ ಬಂಡೆ, ಹೊರಬದಿಗೆ ಹಳ್ಳ. ತಿರುವು ದಾಟಿದೊಡನೆ ಏರು. ಮೊದಲ ದಿನವೇ ಮಗಳು ಗಾಡಿಯ ಚಕ್ರವನ್ನು ಹಳ್ಳಕ್ಕೆ ಇಳಿಸಿದಳು. ಅವಳಿಗೂ ಎತ್ತುಗಳಿಗೂ ಏನೂ ಆಗಲಿಲ್ಲ. ಹರಿಗೋಲು ಮಾತ್ರ ಹೊರಟುಹೋಯಿತು. ಅದು ಒಂದು ಸಲವಾಯಿತು.

ಮರುದಿನದಿಂದ ಅಪ್ಪ ಗಾಡಿಗಿಂತ ಮುಂಚೆ ಮನೆ ಬಿಟ್ಟು, ನಡೆದುಹೋಗಿ, ಆ ತಿರುವಿನಲ್ಲಿ ಹಳ್ಳದ ಅಂಚಿಗೆ ನಿಲ್ಲತೊಡಗಿದ. ಚಕ್ರ ಮತ್ತೆ ಜಾರಿದರೆ ತಾನು ಹೆಗಲು ಕೊಡಬಹುದು ಎಂದು ಅವನ ಎಣಿಕೆ. ಮಗಳು ಬರುವಳು, ಅಪ್ಪನನ್ನು ನೋಡಿ ನಗುವಳು, ಅಪ್ಪ ಕೈಯೆತ್ತುವನು. ಚಕ್ರ ಮತ್ತೆ ಜಾರಲಿಲ್ಲ. ಆದರೆ ಎತ್ತುಗಳು ಅಲ್ಲಿಗೆ ಬಂದು ನಡಿಗೆ ಮುರಿದು ನಿಂತುಬಿಡುತ್ತಿದ್ದವು. ನಿಂತ ಎತ್ತು ತುಂಬಿದ ಗಾಡಿಯನ್ನು ಏರಿಗೆ ಎಳೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ದಿನವೂ ಮಗಳು ದಡ ಮುಟ್ಟುವ ಹೊತ್ತಿಗೆ ಹರಿಗೋಲಿನವನು ಹುಟ್ಟು ಹಿಡಿದು ಬಯ್ಯುತ್ತ ನಿಂತಿರುತ್ತಿದ್ದ.

ಮಗಳಿಗೆ ಹಳ್ಳದ ಹೆದರಿಕೆ ಹೋಗಿಲ್ಲ ಎಂದು ಅಪ್ಪ ತಿಳಿದ. ಮೂರು ದಿನ ಕಲ್ಲು ಹೊತ್ತು ಹಳ್ಳದ ಅಂಚಿಗೆ ಕಟ್ಟೆ ಕಟ್ಟಿದ. ಇನ್ನು ಬೀಳುವ ಭಯವಿಲ್ಲ ಎಂದು ಅವಳಿಗೆ ತೋರಿಸಿದ. ಕಟ್ಟೆಯ ಪಕ್ಕದಲ್ಲಿ ತಾನೂ ನಿಂತ. ಎತ್ತುಗಳು ಮತ್ತೆ ಅಲ್ಲೇ ನಿಂತವು.

ಒಂದು ದಿನ ಗಾಡಿ ಹೋದ ಮೇಲೆ ಅಪ್ಪ ದಾರಿಯ ಧೂಳಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಗಾಡಿಯವನಿಗೆ ಚಕ್ರದ ಜಾಡು ಓದಲು ಬರುತ್ತದೆ. ಹಳ್ಳಕ್ಕೆ ಹೆದರಿದವರ ಗಾಡಿ ಬಂಡೆಯನ್ನು ಸವರಿಕೊಂಡು ಹೋಗಬೇಕು. ಈ ಜಾಡು ಹಾಗಿರಲಿಲ್ಲ. ಅದು ಬಂಡೆಯನ್ನು ಬಿಟ್ಟು ಹಳ್ಳದ ಕಡೆಗೇ ವಾಲಿತ್ತು. ಅಪ್ಪ ಅದರ ಹಿಂದೆಯೇ ಬೆರಳಾಡಿಸಿಕೊಂಡು ಹೋದ. ಅದು ವಾಲಿದ ಕಡೆ ಎರಡು ಹೆಜ್ಜೆಯ ಗುರುತುಗಳಿದ್ದವು. ಅವು ಅವನವೇ. ಮಗಳ ಕಣ್ಣು ಹೋದತ್ತ ಕೈ ಹೋಗಿತ್ತು, ಕೈ ಹೋದತ್ತ ಹಗ್ಗ ಎಳೆದಿತ್ತು, ಹಗ್ಗ ಎಳೆದತ್ತ ಎತ್ತು ತಿರುಗಿ, ದಾರಿ ಕಾಣದೆ ನಿಂತಿತ್ತು.

ಮರುದಿನ ಅಪ್ಪ ಮನೆ ಬಿಟ್ಟ ಹಾಗೆ ಮಾಡಿ, ತೋಟದ ಬೇಲಿಯ ಹಿಂದೆ ಕುಳಿತುಬಿಟ್ಟ. ಮಗಳಿಗೆ ಏನೂ ಹೇಳಲಿಲ್ಲ. ಮಗಳು ತಿರುವಿಗೆ ಬಂದಳು. ಅಪ್ಪನಿಲ್ಲ. ಇದ್ದಾಗ ನೋಡುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ಆ ಜಾಗವನ್ನು ನೋಡಿದಳು. ಗಾಡಿಯಿಂದ ಇಳಿದಳು. ಅಪ್ಪ ಬಿದ್ದಿದ್ದಾನೋ ಎಂದು ಹಳ್ಳದ ಉದ್ದಕ್ಕೂ ಹುಡುಕಿದಳು. ಹರಿಗೋಲು ಹೊರಟುಹೋಯಿತು. ಅದು ಎರಡು ಸಲವಾಯಿತು.

ಕುಮುದಾಳಿಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. "ಒಂದು ಮಾತು ಹೇಳಬಾರದಿತ್ತಾ ಆ ಮುದುಕ? ಪಾಪ, ಆ ಹುಡುಗಿ ಎಷ್ಟು ಹೆದರಿರಬೇಡ!"

"ಬುದ್ಧಿವಂತ ಅಂದ್ಕೊಂಡಿದ್ದನಮ್ಮ. ಮುದುಕರಿಗೆ ಆ ಕಾಯಿಲೆ ಇರತ್ತೆ," ಎಂದು ಮೇಷ್ಟ್ರು ಕತೆಯನ್ನು ಮುಂದುವರಿಸಿದರು.

ಅಂದು ಸಂಜೆ ಮಗಳು ಅಪ್ಪನೊಡನೆ ಮಾತಾಡಲಿಲ್ಲ. ಮುದ್ದೆ ಬಡಿಸಿ, ತಟ್ಟೆಯನ್ನು ಅವನ ಮುಂದೆ ತಳ್ಳಿ, ಎತ್ತುಗಳ ಬಳಿ ಹೋಗಿ ಕುಳಿತಳು. ಇನ್ನೊಂದು ಸಲ ತಪ್ಪಿದರೆ ಹಗ್ಗ ತನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಬೆಳಗ್ಗೆ ಅಪ್ಪ ಇಬ್ಬರ ಬುತ್ತಿಯನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡ. ಎತ್ತು ಹೂಡುತ್ತಿದ್ದ ಮಗಳ ಬಳಿ ಬಂದು ಹೇಳಿದ: "ಇವತ್ತು ನಾನು ತಿರುವಿನಲ್ಲಿ ಇರುವುದಿಲ್ಲ. ದಡದಲ್ಲಿ ಇರುತ್ತೇನೆ. ಬುತ್ತಿ ನನ್ನ ಹತ್ತಿರವಿದೆ. ಹಸಿವಾದರೆ ಬೇಗ ಬಾ."

"ನೀನೇ ತಿಂದು ಮುಗಿಸಿರಬೇಡ," ಎಂದಳು ಮಗಳು. ಹಿಂದಿನ ಸಂಜೆಯಿಂದ ಅವಳು ಆಡಿದ ಮೊದಲ ಮಾತು ಅದು.

ಗಾಡಿ ತೋಟ ಬಿಟ್ಟಿತು. ಮಗಳಿಗೆ ದಡ ಕಾಣುತ್ತಿರಲಿಲ್ಲ. ಅದು ತಿರುವಿನಾಚೆ, ಏರಿನಾಚೆ ಇತ್ತು. ಆದರೂ ಅವಳ ಕಣ್ಣೆದುರು ದಡವೇ ಇತ್ತು. ಅಲ್ಲಿಯ ಹೊಂಗೆಯ ಮರವಿತ್ತು, ಮರದ ಬುಡದಲ್ಲಿ ಗಂಟು ಹಿಡಿದು ಕುಳಿತ ಅಪ್ಪನಿದ್ದ. ತಿರುವು ಬಂದಾಗ ಅವಳು ಹಳ್ಳವನ್ನು ನೋಡಲಿಲ್ಲ, ಕಟ್ಟೆಯನ್ನು ನೋಡಲಿಲ್ಲ. ಬಂಡೆಯ ಪಕ್ಕದಿಂದ ಏರುದಾರಿ ಹೊರಳಿಕೊಳ್ಳುವ ಕಡೆಗೆ ನೋಡಿದಳು. ಕೈ ಅತ್ತ ಹೋಯಿತು. ಎತ್ತುಗಳು ನಡಿಗೆ ಮುರಿಯದೆ ಏರು ಹತ್ತಿದವು.

ದಡದಲ್ಲಿ ಕುಳಿತ ಅಪ್ಪನಿಗೆ ತಿರುವು ಕಾಣುತ್ತಿರಲಿಲ್ಲ. ಅವನು ಬುತ್ತಿಯ ಗಂಟನ್ನು ಬಿಚ್ಚಿದ, ಕಟ್ಟಿದ. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಹಳ್ಳದ ಅಂಚಿನಲ್ಲಿ ನಿಂತ ಅಷ್ಟೂ ದಿನ ಅವನ ಕಾಲು ನೋಯುತ್ತಿತ್ತು. ಇಂದು ಕಾಲಿಗೆ ನೋವಿರಲಿಲ್ಲ, ಉಳಿದದ್ದೆಲ್ಲ ನೋಯುತ್ತಿತ್ತು. ಎತ್ತುಗಳ ಗಂಟೆಯ ಸದ್ದು ಕೇಳಿದಾಗ ಹರಿಗೋಲಿನವನು ಇನ್ನೂ ಹಲ್ಲುಜ್ಜುತ್ತಿದ್ದ.

ಕತೆ ಅಲ್ಲಿಗೆ ನಿಂತಿತು. ಮೇಷ್ಟ್ರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಚೆನ್ನಾಗಿದೆ," ಎಂದಳು ಕುಮುದಾ. "ಆದರೆ ನನ್ನ ಪ್ರಶ್ನೆಗೆ ಉತ್ತರ ಹೇಳ್ಲಿಲ್ಲ ನೀವು."

"ನಿನ್ನ ಟಯರಿನ ಗುರುತು ನೋಡ್ಕೊಂಡು ಬಾ, ಹೋಗು."

ಕುಮುದಾ ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಟ್ರ್ಯಾಕಿನ ಅಂಚಿನಲ್ಲಿ ನಡೆದು ಹೋದಳು. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದಿತ್ತು. ಅಂದು ಅಲ್ಲಿ ಅವಳೊಬ್ಬಳೇ ಗಾಡಿ ಓಡಿಸಿದ್ದಳು. ಕೊನೆಯ ತಿರುವಿನಲ್ಲಿ ಅವಳ ಟಯರುಗಳ ಕಪ್ಪು ಗೆರೆ ಚೆನ್ನಾಗಿ ಕಾಣುತ್ತಿತ್ತು. ಟಯರ್ ಗೋಡೆಗೆ ಹೆದರಿದ್ದರೆ ಗೆರೆ ಒಳ ಅಂಚಿಗೆ ಅಂಟಿಕೊಂಡಿರಬೇಕಿತ್ತು. ಅದು ತಿರುವಿನ ನಡುವೆ ಒಳ ಅಂಚನ್ನು ಬಿಟ್ಟು, ಒಂದೂವರೆ ಮಾರು ಹೊರಕ್ಕೆ ವಾಲಿ, ಆಮೇಲೆ ನೇರ ದಾರಿಗೆ ತಡವಾಗಿ ಹೊರಳಿತ್ತು. ಅದು ವಾಲಿದ ಕಡೆ, ಟ್ರ್ಯಾಕಿನ ಹೊರಗೆ, ಹುಲ್ಲು ಬೆಳೆದಿತ್ತು. ಹುಲ್ಲಿನ ನಡುವೆ ಎರಡು ಪಾದದಷ್ಟು ಜಾಗ ಮಾತ್ರ ಬೋಳಾಗಿತ್ತು. ಮೂರು ವರ್ಷದಲ್ಲಿ ಸವೆದು, ಮಣ್ಣು ಗಟ್ಟಿಯಾಗಿ, ಚಪ್ಪಲಿಯ ಅಚ್ಚಿನಂತೆ ಆಗಿತ್ತು.

ಅವಳು ಆ ಬೋಳು ಜಾಗದ ಮೇಲೆ ಹೋಗಿ ನಿಂತಳು. ಪ್ರತಿ ಸುತ್ತಿನಲ್ಲೂ ಹೆಲ್ಮೆಟಿನೊಳಗಿಂದ ತಾನು ಹುಡುಕುತ್ತಿದ್ದ ಕೆಂಪು ಟವೆಲಿನ ತುದಿ ನೆನಪಾಯಿತು. ಅಲ್ಲಿಂದ ಶೆಡ್ಡಿನ ಕಡೆ ನೋಡಿದಳು. ನೆರಳಿನಲ್ಲಿ ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು, ಬೇಕಿಲ್ಲದಿದ್ದರೂ, ಸ್ಟಾಪ್‌ವಾಚನ್ನು ಒತ್ತುತ್ತ, ನಿಲ್ಲಿಸುತ್ತ, ಮತ್ತೆ ಒತ್ತುತ್ತ ಇದ್ದರು.

ಹಿಂದಿರುಗಿ ಬಂದು ಅವಳು ಅವರ ಮುಂದೆ ನಿಂತಳು. "ಮೇಷ್ಟ್ರೇ, ಹಾಗಾದ್ರೆ ನಾಳೆ ನೀವು..." ಎಂದಳು.

"ಮುಗಿಯೋ ಗೆರೆಯಾಚೆ ನಿಂತಿರ್ತೀನಿ, ಬೇಗ ಬಾ, ಈ ಮಂಡಿ ಐವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಲ್ಲ," ಎಂದರು ಮೇಷ್ಟ್ರು.