ಮೇಲಿನ ಗುಂಡಿಯ ಕಾಡುಬೆಕ್ಕು

ಒಂದು ಕಾಡಿನಲ್ಲಿ ಸಣ್ಣ ಹಳ್ಳವಿತ್ತು. ಹಳ್ಳದಲ್ಲಿ ಎರಡು ಗುಂಡಿಗಳು, ಮೇಲೊಂದು, ಕೆಳಗೊಂದು. ಮೇಲಿನ ಗುಂಡಿ ಚಿಕ್ಕದು. ಅದರ ಪಕ್ಕದ ಬಂಡೆಯ ಸಂದಿನಲ್ಲಿ ಕೆಂಚಿ ಎಂಬ ಕಾಡುಬೆಕ್ಕು ತನ್ನ ಒಂದೇ ಮರಿಯೊಡನೆ ವಾಸವಾಗಿದ್ದಳು. ಕೆಳಗಿನದು ದೊಡ್ಡ ಗುಂಡಿ. ಜಿಂಕೆ, ಮೊಲ, ಹಂದಿ, ನೀರುನಾಯಿ, ಎಲ್ಲರೂ ಕುಡಿಯುತ್ತಿದ್ದುದು ಅದರ ನೀರನ್ನೇ. ಮೀನುಗಳಿದ್ದುದೂ ಅಲ್ಲೇ.

ಕೆಂಚಿಗೆ ಮೀನೆಂದರೆ ಪ್ರಾಣ. ಕಾಯುವುದೆಂದರೆ ಮಾತ್ರ ಆಗದು. ಮೀನು ಹತ್ತಿರ ಬರುವ ತನಕ ದಡದಲ್ಲಿ ಅಲುಗಾಡದೆ ಕೂರುವುದು ಅವಳ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಒಂದು ದಿನ ದೂರದ ಹೊಳೆಯಲ್ಲಿ ಇಬ್ಬರು ಮನುಷ್ಯರು ಕಾರೆಕಾಯಿ ಜಜ್ಜಿ ನೀರಿಗೆ ಕದಡುವುದನ್ನು ಕಂಡಳು. ಸ್ವಲ್ಪ ಹೊತ್ತಿಗೆಲ್ಲ ಮೀನುಗಳು ಅಮಲೇರಿದಂತೆ ಮೇಲಕ್ಕೆ ತೇಲಿಬಂದವು. ಕೆಂಚಿಯ ಕಣ್ಣು ಅರಳಿತು.

ಮರುದಿನವೇ ಅವಳು ಕಾರೆಕಾಯಿ ಕಚ್ಚಿ ತಂದು, ಕಲ್ಲು ಉರುಳಿಸಿ ಜಜ್ಜಿ, ಕೆಳಗಿನ ಗುಂಡಿಗೆ ತಳ್ಳಿದಳು. ಮೀನು ತೇಲಿದವು. ದೊಡ್ಡವನ್ನು ಆರಿಸಿಕೊಂಡಳು, ಸಣ್ಣವನ್ನು ಹಾಗೇ ಬಿಟ್ಟಳು. ಇದೇ ನಿತ್ಯದ ಕೆಲಸವಾಯಿತು. ಬಿಟ್ಟ ಮೀನು ನೀರಿನಲ್ಲೇ ಕೊಳೆತವು. ಗುಂಡಿ ಪಾಚಿಗಟ್ಟಿ ನಾರತೊಡಗಿತು. ಜಿಂಕೆಮರಿಗಳಿಗೆ ಭೇದಿ ಹತ್ತಿತು. ನೀರುನಾಯಿಯ ಎರಡು ಮರಿಗಳಲ್ಲಿ ಒಂದು ಸತ್ತೇ ಹೋಯಿತು.

ನೀರುನಾಯಿ ಅಳುತ್ತಾ ಮೇಲಕ್ಕೆ ಬಂದು, ಇನ್ನಾದರೂ ನಿಲ್ಲಿಸು ಎಂದು ಬೇಡಿಕೊಂಡಳು. ಕೆಂಚಿ ಮೀಸೆ ನೆಕ್ಕಿಕೊಂಡಳು.

"ಅಕ್ಕಾ, ನಾವು ಕುಡಿಯೋದು ಮೇಲಿನ ನೀರು. ಕೆಳಗಿನ ನೀರು ಯಾವತ್ತಾದರೂ ಮೇಲಕ್ಕೆ ಹತ್ತಿ ಬಂದದ್ದುಂಟಾ?"

ನೀರುನಾಯಿ ಉಳಿದೊಂದು ಮರಿಯ ಬಳಿಗೆ ಇಳಿದುಹೋದಳು.

ಬೇಸಿಗೆ ಬಂತು. ಹಳ್ಳದ ಹರಿವು ನಿಂತಿತು. ಮೊದಲು ಒಣಗಿದ್ದು ಮೇಲಿನ ಗುಂಡಿ. ಪ್ರತಿ ವರ್ಷವೂ ಹಾಗೇ ಆಗುತ್ತಿತ್ತು. ಹೋದ ಬೇಸಿಗೆಯನ್ನೂ ಕೆಂಚಿ ಕಳೆದದ್ದು ಕೆಳಗಿನ ನೀರು ಕುಡಿದೇ. ಕೂತಲ್ಲೇ ಮೀನು ಸಿಗುತ್ತಿದ್ದ ಖುಷಿಯಲ್ಲಿ ಅದನ್ನು ಮರೆತಿದ್ದಳು ಅಷ್ಟೆ. ಮರಿ ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಕೆಂಚಿ ಮರಿಯನ್ನು ಕಚ್ಚಿಕೊಂಡು ಕೆಳಗೆ ಓಡಿದಳು. ಕೆಳಗಿನ ನೀರು ಮೇಲಕ್ಕೆ ಬರಲಿಲ್ಲ, ಅವಳೇ ಕೆಳಗಿಳಿಯಬೇಕಾಯಿತು.

ಗುಂಡಿಯ ನೀರಿಗೆ ಮೂಗು ತಾಗಿಸಿದ ಮರಿ ವಾಂತಿ ಮಾಡಿಕೊಂಡಿತು. ಗುಂಡಿಯಿಂದ ದೂರದಲ್ಲಿ, ಮರಳಿನಲ್ಲಿ, ನೀರುನಾಯಿ ಒಂದು ಒರತೆ ತೋಡಿದ್ದಳು. ಮರಳಿನಿಂದ ತಿಳಿನೀರು ಹನಿಹನಿಯಾಗಿ ಒಸರುತ್ತಿತ್ತು. ಅದರ ಮುಂದೆ ಕಾಡಿನ ಪ್ರಾಣಿಗಳೆಲ್ಲ ಸಾಲಾಗಿ ನಿಂತಿದ್ದವು. ಕೆಂಚಿ ತಲೆ ತಗ್ಗಿಸಿದಳು. ತಪ್ಪಾಯಿತು ಎನ್ನಲೂ ಗಂಟಲು ಒಣಗಿತ್ತು.

ನೀರುನಾಯಿ ಅವಳನ್ನೂ ನೋಡಿದಳು, ಮರಿಯನ್ನೂ ನೋಡಿದಳು.

"ನಿನ್ನ ಮರಿ ಮೊದಲು ಕುಡೀಲಿ. ಅದೇನೂ ತಪ್ಪು ಮಾಡಿಲ್ಲ. ನನ್ನ ಮರಿಯೂ ಮಾಡಿರಲಿಲ್ಲ. ನೀನು ಸಾಲಿನ ಕೊನೆಗೆ ನಿಲ್ಲು."

ಮರಿ ಕುಡಿದು ಚೇತರಿಸಿಕೊಂಡಿತು. ಮೀನಿಗಾಗಿ ಒಂದು ಗಳಿಗೆ ಕಾಯಲಾರದ ಕೆಂಚಿ ಒಂದು ಗುಟುಕು ನೀರಿಗಾಗಿ ಸಂಜೆಯವರೆಗೂ ಕಾದಳು. ಅವಳ ಸರದಿ ಬಂದಾಗ ಒರತೆಯಲ್ಲಿ ಉಳಿದಿದ್ದು ಒದ್ದೆ ಮರಳು. ಅದನ್ನೇ ನೆಕ್ಕಿದಳು.

ನೀತಿ: ಎಲ್ಲರೂ ಕುಡಿಯುವ ನೀರನ್ನು ಕೆಡಿಸಿದವರಿಗೆ, ತಾವು ಬಾಯಾರಿದ ದಿನ ಸಿಗುವುದೂ ಅದೇ ನೀರು.