ಪೈಲ್ವಾನನ ಕೆನ್ನೆಯ ಕೆಂಪು

ಹಳೆಯ ಚಿತ್ರದ ಕಾರ್ಡುಗಳನ್ನು ಸಂಗ್ರಹಿಸುವವರೊಬ್ಬರ ಮೇಜಿನ ಮೇಲೆ ಒಂದು ಒರೆಸುವ ಬಟ್ಟೆಯಿತ್ತು. ಕೊಳೆ ತೆಗೆಯುವವರ ಕೈ ಸದಾ ಶುದ್ಧ ಎಂದು ಅದು ನಂಬಿಕೊಂಡಿತ್ತು.

ಒಂದು ದಿನ ಪೈಲ್ವಾನನ ಚಿತ್ರವಿದ್ದ ಕಾರ್ಡು ಅದರ ಬಳಿ ಬಂದು, "ಅಕ್ಕಾ, ಅಸಲಿ ಯಾವುದೆಂದು ತೀರ್ಪು ಹೇಳುವ ಭೂತಗನ್ನಡಿಯ ಮುಂದೆ ನಾಳೆ ನಿಲ್ಲಬೇಕು. ಮೈಮೇಲೆ ಯಾರದೋ ಎಣ್ಣೆಗೈಯ ಕಲೆ ಕೂತಿದೆ. ಅದೊಂದನ್ನು ತೆಗೆದುಕೊಡು," ಎಂದಿತು.

"ಕೊಳೆಯನ್ನು ಬಿಟ್ಟು ಬೇರೇನನ್ನೂ ಮುಟ್ಟಿದವಳಲ್ಲ ನಾನು," ಎಂದ ಬಟ್ಟೆ ನೀರಿನಲ್ಲಿ ಅದ್ದಿಕೊಂಡು ಹಗುರವಾಗಿ ಉಜ್ಜಿತು. ಕಲೆ ಹೋಯಿತು.

ಮರುದಿನ ಭೂತಗನ್ನಡಿ ಕಾರ್ಡನ್ನು ಬಹಳ ಹೊತ್ತು ನೋಡಿತು. "ನಿನ್ನನ್ನು ತಿದ್ದಿದ್ದಾರೆ. ಅಸಲಿಗಳ ಸಾಲಿನಲ್ಲಿ ನಿನಗೆ ಜಾಗವಿಲ್ಲ."

"ತಿದ್ದಿಲ್ಲ, ಒರೆಸಿದ್ದು ಅಷ್ಟೆ," ಎಂದು ಬಟ್ಟೆ ವಾದಕ್ಕೆ ನಿಂತಿತು. "ಅದರದ್ದೇನನ್ನೂ ನಾನು ತೆಗೆದುಕೊಂಡಿಲ್ಲ."

"ಹಾಗಿದ್ದರೆ ನಿನ್ನ ಮಡಿಕೆ ಬಿಚ್ಚು."

ಬಟ್ಟೆ ಬಿಚ್ಚಿತು. ಎಣ್ಣೆಯ ಕಲೆಯ ಪಕ್ಕದಲ್ಲೇ ಪೈಲ್ವಾನನ ಕೆನ್ನೆಯ ಕೆಂಪು ತೆಳ್ಳಗೆ ಅಂಟಿಕೊಂಡಿತ್ತು.

"ಅದನ್ನು ನನಗೆ ವಾಪಸು ಹಚ್ಚು," ಎಂದಿತು ಕಾರ್ಡು.

ಬಟ್ಟೆಗೆ ಒರೆಸುವುದು ಬರುತ್ತಿತ್ತು, ಹಚ್ಚುವುದು ಬರುತ್ತಿರಲಿಲ್ಲ.

ಅಂದು ಸಂಜೆ ಮನೆಯವರು ಒಗೆಯಲೆಂದು ಬಟ್ಟೆಯನ್ನು ಬಕೆಟ್ಟಿನ ಹತ್ತಿರ ತಂದರು. ಜನ್ಮದಲ್ಲಿ ಮೊದಲ ಸಲ ಅದು ನೀರು ಕಂಡು ಹೆದರಿ, ಆ ಕೆಂಪನ್ನು ಒಳಗೆ ಮಾಡಿಕೊಂಡು ಮುದುಡಿತು.