ಡಂಗುರ ಕೊಂಡ ಕುಪ್ಪಣ್ಣ ಸಾಹುಕಾರ

ಹತ್ತಿರ ಬಂದು ಕೂತುಕೊಳ್ಳಿ. ಎಲೆಅಡಿಕೆ ಹಾಕುವವರು ಹಾಕಿಕೊಳ್ಳಿ, ಮಕ್ಕಳು ಮುಂದೆ ಬನ್ನಿ. ಒಂದು ರಾಜ್ಯ ಇತ್ತು. ಅದರ ಹೆಸರು ಕೇಳಬೇಡಿ, ಹೇಳಿದರೆ ನಮ್ಮದೇ ಅಂದುಬಿಡುತ್ತೀರಿ. ಆ ರಾಜ್ಯಕ್ಕೊಬ್ಬ ರಾಜ. ಕೆಟ್ಟವನಲ್ಲ, ಹಾಗಂತ ಒಳ್ಳೆಯವನು ಅಂತಲೂ ನಾನು ಹೇಳಲಾರೆ. ತನ್ನ ಊಟ ಹೊತ್ತಿಗೆ ಸರಿಯಾಗಿ ಬಂದರೆ ರಾಜ್ಯವೆಲ್ಲ ಸುಖವಾಗಿದೆ ಅಂದುಕೊಳ್ಳುವ ಪೈಕಿ.

ಆ ರಾಜಧಾನಿಯಲ್ಲಿ ಮೂರು ಕೇರಿ, ಮೂರು ಡಂಗುರ. ಮೇಲುಕೇರಿಯ ಡಂಗುರ ದ್ಯಾವಣ್ಣನದು. ಪೇಟೆಬೀದಿಯದು ಹುಚ್ಚೀರನದು. ಕೆರೆ ಏರಿಯ ಕೆಳಗೆ, ತಗ್ಗಿನಲ್ಲಿದ್ದ ಹಳ್ಳದ ಕೇರಿಯ ಡಂಗುರ ಸಣ್ಣತಾಯಿಯದು. ಹೆಸರಿಗೆ ತಕ್ಕ ಹಾಗೆ ಸಣ್ಣವಳು, ನಿಂತರೆ ಕಣಜದ ಅರ್ಧಕ್ಕೂ ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಮಾತ್ರ ಮೇಲುಕೇರಿಯ ನಾಯಿ ಎದ್ದು ಕೂರುತ್ತಿತ್ತು. ನಮ್ಮ ಕಥೆ ಅವಳದೇ.

ಊರಲ್ಲಿ ಏನೇ ಆಗಲಿ, ಈ ಮೂವರು ಸಾರಬೇಕು. ಸಾರುವ ಮೊದಲು ಮೂವರೂ ಒಂದು ಮಾತು ಕೂಗುತ್ತಿದ್ದರು. ರಾಜನ ತಾತನ ಕಾಲದಿಂದ ಬಂದ ಮಾತು:

"ಕೇಳ್ರಪ್ಪೋ ಕೇಳಿ! ಡಂಗುರ ಯಾರದೋ ಮುಂದಡಿ ಅವರದು!"

ಮುಂದಡಿ ಅಂದರೆ ಮೊದಲ ಹೆಜ್ಜೆ. ಹೊಳೆ ಇಳಿದಿದೆ, ದಾಟಬಹುದು ಅಂತ ಸಾರಿದರೆ ಮೊದಲು ತಾನು ದಾಟಿ ತೋರಿಸಬೇಕು. ಈ ಬಾವಿಯ ನೀರು ಸಿಹಿ ಅಂತ ಸಾರಿದರೆ ಮೊದಲ ಬೊಗಸೆ ತಾನು ಕುಡಿಯಬೇಕು. ಹೀಗಾಗಿ ಸುಳ್ಳು ಸಾರುವ ಧೈರ್ಯ ಯಾರಿಗೂ ಇರಲಿಲ್ಲ. ಡಂಗುರದಲ್ಲಿ ಬಂತು ಅಂದರೆ ಜನಕ್ಕೆ ಅದೇ ವೇದವಾಕ್ಯ.

ಅದೇ ಊರಲ್ಲಿ ಕುಪ್ಪಣ್ಣ ಸಾಹುಕಾರ ಅಂತ ಒಬ್ಬನಿದ್ದ. ಎಣ್ಣೆ ಅವನದು, ಉಪ್ಪು ಅವನದು, ರಾಜ ಮಾಡಿಸುವ ಸೇತುವೆ, ಕಟ್ಟೆ, ಏರಿ, ಎಲ್ಲದರ ಗುತ್ತಿಗೆಯೂ ಅವನದೇ. ಒಂದು ದಿನ ದ್ಯಾವಣ್ಣ ಮೇಲುಕೇರಿಯಲ್ಲಿ ಡಂಗುರ ಹೊಡೆದ: "ಕುಪ್ಪಣ್ಣನ ಅಂಗಡಿ ಎಣ್ಣೆ ಕಮಟು. ನಮ್ಮನೇದು ನಾನು ಮೊದಲು ಚೆಲ್ಲಿದೀನಿ, ನೀವೂ ಚೆಲ್ಲಿ!" ಸಂಜೆಯೊಳಗೆ ಸಾಹುಕಾರನ ಅಂಗಡಿಯಲ್ಲಿ ನೊಣ ಬಿಟ್ಟರೆ ಗಿರಾಕಿ ಇಲ್ಲ.

ಬೇರೆಯವನಾಗಿದ್ದರೆ ಎಣ್ಣೆ ಸರಿಮಾಡುತ್ತಿದ್ದ. ಕುಪ್ಪಣ್ಣ ಮೀಸೆ ತಿರುವುತ್ತ ಯೋಚನೆ ಮಾಡಿದ. ಊರಿನವರ ಬಾಯಿಗೆಲ್ಲ ಬೀಗ ಹಾಕುತ್ತ ಕೂರುವುದಕ್ಕಿಂತ ಮೂರು ಡಂಗುರ ಕೊಳ್ಳುವುದು ಸಲೀಸು.

ಮೊದಲು ದ್ಯಾವಣ್ಣನ ಮನೆಗೆ ಹೋದ, ಅವನ ಹಳೇ ಡಂಗುರಕ್ಕೆ ಬೆಳ್ಳಿ ಗೆಜ್ಜೆ ಕಟ್ಟಿಸಿಕೊಟ್ಟ. ಡಂಗುರ ಕುಪ್ಪಣ್ಣನದಾಯಿತು. ಆಮೇಲೆ ಹುಚ್ಚೀರನಿಗೆ ಜರಿ ಪೇಟ ಸುತ್ತಿಸಿದ. ಆ ಡಂಗುರವೂ ಕುಪ್ಪಣ್ಣನದಾಯಿತು. ಕೊನೆಗೆ ಹಳ್ಳದ ಕೇರಿಗೆ ಇಳಿದು ಬಂದ.

"ನಾನು ಮಾರಕ್ಕಿಲ್ಲ ಸಾವ್ಕಾರ್ರೆ," ಅಂದಳು ಸಣ್ಣತಾಯಿ.

"ಅಯ್ಯೋ, ನಿನ್ನ ಬಾಯಿ ಯಾರಿಗೆ ಬೇಕಮ್ಮ? ಹೇಳೋಳು ನೀನೇ, ಚರ್ಮ ಮಾತ್ರ ನಂದು. ನೋಡು, ಹರಿದೋಗಿದೆ. ಹೊಸದು ಹಾಕಿಸ್ತೀನಿ. ತಿಂಗಳು ತಿಂಗಳು ಅಕ್ಕಿ ಬರ್ತದೆ."

ಚರ್ಮ ಹರಿದಿದ್ದು ನಿಜ. ಮಗಳು ಪುಟ್ಟಿ ಆಗತಾನೇ ಹೆತ್ತಿದ್ದಳು, ಬಾಣಂತಿಗೆ ಅನ್ನ ಬೇಕಾಗಿತ್ತು. ಹೇಳೋಳು ನಾನೇ ಅಲ್ಲವೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ಸಣ್ಣತಾಯಿ ಡಂಗುರ ಕೊಟ್ಟಳು.

ಮಾರನೇ ದಿನದಿಂದಲೇ ಡಂಗುರದ ರಾಗ ಬದಲಾಯಿತು.

"ಎಣ್ಣೆ ಚೆನ್ನಾಗೇ ಅದೆ, ಕೆಟ್ಟಿರೋದು ನಿಮ್ಮ ಮೂಗು, ಊರಲ್ಲಿ ನೆಗಡಿ ಎದ್ದಿದೆ ಅಂತ ಸಾರು," ಅಂತ ದ್ಯಾವಣ್ಣನಿಗೆ ಅಪ್ಪಣೆಯಾಯಿತು. ದ್ಯಾವಣ್ಣ ಸಾರಿದ. ಜನ ಮುಂದಡಿ ಎಲ್ಲಿ ಅಂದರು. ಸಾಹುಕಾರ ಕಣ್ಣಲ್ಲೇ ಸನ್ನೆ ಮಾಡಿದ: ಹೋಗು, ಬೆಳ್ಳಿ ಗೆಜ್ಜೆ ಕೊಟ್ಟಿದ್ದು ಮತ್ತೇತಕ್ಕೆ? ಪಾಪ, ದ್ಯಾವಣ್ಣ ಅದೇ ಎಣ್ಣೆಯಲ್ಲಿ ಕರಿದ ವಡೆ ಎಲ್ಲರೆದುರು ನಗುನಗುತ್ತ ತಿಂದ. ಆಮೇಲೆ ಚೊಂಬು ಹಿಡಿದು ಬೇಲಿ ಕಡೆ ಓಡಿದವನು ಮತ್ತೆ ಎಲ್ಲರ ಕಣ್ಣಿಗೆ ಬೀಳಲು ಬಹಳ ಹೊತ್ತಾಯಿತು.

ಎರಡನೆಯದು ಸೇತುವೆ. ಕುಪ್ಪಣ್ಣ ಕಟ್ಟಿಸಿದ ಮರದ ಸೇತುವೆ ಕಾಲಿಟ್ಟರೆ ಅಲ್ಲಾಡುತ್ತಿತ್ತು. "ಅದು ಅಲ್ಲಾಡೋದಲ್ಲ, ತೂಗೋದು, ದಾಟೋರಿಗೆ ತೊಟ್ಟಿಲ ಸುಖ ಇರಲಿ ಅಂತ ಸಾವ್ಕಾರ್ರು ಮಾಡಿಸಿದಾರೆ," ಅಂತ ಹುಚ್ಚೀರ ಸಾರಿದ. ಮುಂದಡಿಯನ್ನೂ ಇಟ್ಟ. ಹುಚ್ಚೀರನನ್ನು ಮೀನು ಹಿಡಿಯುವವರು ಮೇಲೆತ್ತಿದರು. ಜರಿ ಪೇಟ ಮಾತ್ರ ಹೊಳೆಯ ಜೊತೆ ಪಕ್ಕದ ರಾಜ್ಯಕ್ಕೆ ಹೋಯಿತು.

ನೀವು ನಗುತ್ತೀರಿ. ಆ ಊರಿನವರೂ ನಕ್ಕರು. ನಗುತ್ತ ನಗುತ್ತಲೇ ಅದೇ ಎಣ್ಣೆ ಕೊಂಡರು, ಅದೇ ಸೇತುವೆ ದಾಟಿದರು. ಬೇರೆ ಸುದ್ದಿ ಹೇಳುವ ಡಂಗುರ ಊರಲ್ಲಿ ಇರಲಿಲ್ಲವಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಮೂರನೆಯದು ಬಂತು. ಮಳೆಗಾಲದ ಮುಂಚೆ ರಾಜ ಕೆರೆ ಏರಿ ಭದ್ರ ಮಾಡಿಸಲು ಹೇಳಿದ್ದ. ಗುತ್ತಿಗೆ ಯಾರಿಗೆ ಅಂತ ನಾನು ಹೇಳಬೇಕೆ? ಒಂದು ಬೆಳಿಗ್ಗೆ ಸಣ್ಣತಾಯಿ ಮೊಮ್ಮಗನ ಬಟ್ಟೆ ಒಗೆಯಲು ಏರಿಯ ಬುಡಕ್ಕೆ ಹೋದಳು. ಏರಿಯಿಂದ ನೀರು ಜಿನುಗುತ್ತಿತ್ತು. ನೀರಿನ ಜೊತೆ ಭತ್ತದ ಹೊಟ್ಟು ಬರುತ್ತಿತ್ತು. ಬೆರಳು ತೂರಿಸಿದಳು, ಹೊಟ್ಟು. ಕೋಲು ತೂರಿಸಿದಳು, ಹೊಟ್ಟು. ಮೊಳಕೈವರೆಗೂ ಕೈ ತೂರಿಸಿದಳು, ಆಗಲೂ ಹೊಟ್ಟೇ. ಕಲ್ಲು ಜೇಡಿ ತುಂಬಬೇಕಾದ ಕಡೆ ಹೊಟ್ಟು ತುಂಬಿ ಮೇಲೆ ಮಣ್ಣು ಮೆತ್ತಿದ್ದರು. ಆಕಾಶದ ಮೂಲೆಯಲ್ಲಿ ಮೋಡ ಕಪ್ಪಾಗುತ್ತಿತ್ತು. ಏರಿ ಒಡೆದರೆ ಮೊದಲು ಮುಳುಗುವುದು ಹಳ್ಳದ ಕೇರಿ. ಅದರಲ್ಲಿ ಮೊದಲ ಮನೆ ಪುಟ್ಟಿಯದು.

ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಓಡಿದಳು. "ಪುಟ್ಟೀ, ಕೂಸು ಎತ್ಕೊ, ಮೇಲುಕೇರಿಗೆ ನಡಿ. ಏರಿ ಒಡೀತದೆ."

"ಡಂಗುರದಲ್ಲಿ ಬರ್ಲಿಲ್ವಲ್ಲವ್ವ," ಅಂದಳು ಮಗಳು.

ಪಕ್ಕದ ಮನೆಯ ಕುಂಬಾರ ಸಿದ್ದಯ್ಯನಿಗೆ ಹೇಳಿದಳು. "ಅಂಥದ್ದೇನಾದ್ರೂ ಇದ್ದಿದ್ರೆ ಡಂಗುರ ಹೊಡೀತಿದ್ರು ಕಣಕ್ಕ," ಅಂದ ಅವನು, ತಿಗರಿಯಿಂದ ಕಣ್ಣೆತ್ತದೆ.

ಪೇಟೆಯಲ್ಲಿ ಹೂವು ಮಾರುವ ಅಜ್ಜಿಗೆ ಹೇಳಿದಳು. "ಡಂಗುರದೋಳು ನೀನೇ ಅಲ್ವೇನೆ? ದಿಟ ಆಗಿದ್ರೆ ಸಾರಿ ಬಿಡು, ನನ್ನ ಕಿವೀಲಿ ಯಾಕೆ ಪಿಸುಗುಡ್ತೀಯಾ?" ಅಂದಳು ಅಜ್ಜಿ.

ಸಣ್ಣತಾಯಿಗೆ ಆಗ ತಿಳಿಯಿತು. ಸ್ವಂತ ಮಗಳೇ ತನ್ನ ಮಾತು ನಂಬಲಿಲ್ಲ. ಡಂಗುರವನ್ನು ಅಷ್ಟು ನಂಬುವ ಹಾಗೆ ಮಾಡಿದವಳು ತಾನೇ, ಅದನ್ನು ಕೊಟ್ಟವಳೂ ತಾನೇ.

ಸಾಹುಕಾರನ ಮನೆಗೆ ಹೋಗಿ ಡಂಗುರ ಕೇಳಿದಳು. ಎಲೆಗೆ ಸುಣ್ಣ ಸವರುತ್ತಿದ್ದ ಕುಪ್ಪಣ್ಣ ಡಂಗುರವನ್ನು ಅವಳ ಕಡೆ ತಳ್ಳಿದ.

"ಹೊಡಿ, ಬೇಡ ಅಂದೋರ್ಯಾರು? ಏರಿ ಬಂಡೆ ಹಂಗದೆ, ಹಳ್ಳದ ಕೇರಿಯೋರು ನಿಶ್ಚಿಂತೆಯಾಗಿ ಮಲಗಲಿ ಅಂತ ಸಾರು. ಬೇರೆ ಮಾತು ಬಂದ್ರೆ ಡಂಗುರ ಇಲ್ಲಿಡು. ಹೊಡಿಯೋಕೆ ಬೇರೆಯವರು ಸಿಗ್ತಾರೆ."

"ಮತ್ತೆ ಮುಂದಡಿ?"

"ಇಡು. ನಿನ್ನ ಮನೆ ಹೆಂಗೂ ಅಲ್ಲೇ ಅದಲ್ಲ," ಅಂತ ನಕ್ಕ.

ಅವಳಿಗೆ ಅಳು ಬಂತು. ನುಂಗಿಕೊಂಡು ಹೊರಗೆ ಜಗಲಿಯ ಮೇಲೆ ಕೂತಳು. ಡಂಗುರ ತೊಡೆಯ ಮೇಲಿತ್ತು. ಅಭ್ಯಾಸಬಲ ನೋಡಿ, ಬೆರಳು ತಾನಾಗಿ ಚರ್ಮದ ಮೇಲೆ ಆಡಿತು, ಬಾಯಿ ತಾನಾಗಿ ಹಳೇ ಮಾತು ಗುನುಗಿತು. ಡಂಗುರ ಯಾರದೋ ಮುಂದಡಿ ಅವರದು. ಇನ್ನೊಂದು ಸಲ ಗುನುಗಿದಳು. ಮೂರನೇ ಸಲಕ್ಕೆ ಬೆರಳು ನಿಂತುಹೋಯಿತು.

ಹುಟ್ಟಿದಾಗಿನಿಂದ ಕೂಗಿದ ಮಾತು. ಕೂಗಿದವಳಿಗೂ ಕೇಳಿಸಿರಲಿಲ್ಲ, ಕೇಳಿದವರಿಗೂ ಕೇಳಿಸಿರಲಿಲ್ಲ. ಮುಂದಡಿ ಸಾರಿದವರದಲ್ಲ, ಡಂಗುರದ ಒಡೆಯರದು. ಇಷ್ಟು ಕಾಲ ಇಬ್ಬರೂ ಒಬ್ಬರೇ ಆಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ, ಅಷ್ಟೇ. ಪಾಪ ದ್ಯಾವಣ್ಣ ಸುಮ್ಮಸುಮ್ಮನೆ ವಡೆ ತಿಂದ!

ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋದಳು. ದನಿಯಲ್ಲಿ ಬೆಲ್ಲ ಕರಗಿಸಿದಳು.

"ಸಾವ್ಕಾರ್ರೆ, ಇಂಥ ದೊಡ್ಡ ಸುದ್ದೀನ ಕೇರೀಲಿ ಬಡಕೊಂಡ್ರೆ ಏನು ಚೆಂದ? ಅರಮನೆ ಮುಂದೆ, ಮಾರಾಜ್ರ ಎದುರಿಗೇ, ಮೂರು ಡಂಗುರಾನೂ ಒಟ್ಟಿಗೆ ಹೊಡೆದು ಸಾರಾನ. ಮುಂದಿನ ಗುತ್ತಿಗೆನೂ ನಿಮಗೇ ಬರ್ತದೆ."

ಗುತ್ತಿಗೆ ಅಂದ ಕೂಡಲೇ ಕುಪ್ಪಣ್ಣನ ಕಿವಿ ನಿಮಿರಿತು. "ಈಗ ನಿನಗೆ ಬುದ್ಧಿ ಬಂತು ನೋಡು," ಅಂದ.

ಮಾರನೇ ದಿನ ಬಿಸಿಲೇರುವ ಹೊತ್ತಿಗೆ ಮೂರು ಕೇರಿಯವರೂ ಅರಮನೆ ಮುಂದೆ ಸೇರಿದರು. ರಾಜ ಉಪ್ಪರಿಗೆಯಲ್ಲಿ ಕೂತ. ಮೂರು ಡಂಗುರ ನಡುವೆ ಇಟ್ಟಿತ್ತು. ಸಣ್ಣತಾಯಿ ಕೈಮುಗಿದಳು.

"ಬುದ್ಧಿ, ಸಾರೋಕೆ ಮುಂಚೆ ಒಂದು ಮಾತು. ಇಷ್ಟು ಚೆಂದದ ಡಂಗುರ ಯಾರದು ಅಂತ ಎಲ್ಲರಿಗೂ ಗೊತ್ತಾಗಬೇಕು. ಈ ಬೆಳ್ಳಿ ಗೆಜ್ಜೆದು ಯಾರದು?"

"ನಂದು," ಅಂದ ಕುಪ್ಪಣ್ಣ, ಎದೆ ಉಬ್ಬಿಸಿ.

"ಈ ಪೇಟೆಬೀದಿದು?"

"ನಂದೇ."

"ಈ ಹಳ್ಳದ ಕೇರಿದು?"

"ಚರ್ಮ ನಂದು, ಚರ್ಮ ಬಿಗಿದ ಬಳೆ ನಂದು, ಹೊಡಿಯೋ ಕೋಲೂ ನಂದೇ," ಅಂತ ಕುಪ್ಪಣ್ಣ ಜನರ ಕಡೆ ತಿರುಗಿ ಕೈಬೀಸಿದ.

ಸಣ್ಣತಾಯಿ ಡಂಗುರ ಎತ್ತಿದಳು. ಅರಮನೆಯ ಪಾರಿವಾಳಗಳೆಲ್ಲ ಹಾರುವ ಹಾಗೆ ಬಾರಿಸಿದಳು.

"ಕೇಳ್ರಪ್ಪೋ ಕೇಳಿ! ಡಂಗುರ ಯಾರದೋ ಮುಂದಡಿ ಅವರದು! ಕೆರೆ ಏರಿ ಬಂಡೆ ಹಂಗದೆಯಂತೆ, ಹಳ್ಳದ ಕೇರಿಯೋರು ನಿಶ್ಚಿಂತೆಯಾಗಿ ಮಲಗಬೌದಂತೆ! ಡಂಗುರದ ಒಡೆಯರು ಕುಪ್ಪಣ್ಣ ಸಾವ್ಕಾರ್ರು ಮುಂದಡಿ ಇಡ್ತಾರೆ! ಏರಿ ಬುಡದಾಗೆ ಊಟ ಮಾಡಿ, ಅಲ್ಲೇ ಮಲಗಿ ತೋರಿಸ್ತಾರೆ!"

ದ್ಯಾವಣ್ಣ ತನ್ನ ಹೊಟ್ಟೆ ಸವರಿಕೊಂಡು ಮೆಲ್ಲಗೆ ಅಂದ, "ಹೌದಲ್ವಾ?" ಹುಚ್ಚೀರ ತನ್ನ ಬೋಳು ತಲೆ ಸವರಿಕೊಂಡು ಅಂದ, "ಹೌದಲ್ಲ!"

"ಇದೇನು ಹುಡುಗಾಟ? ನನ್ನ ಪರವಾಗಿ ದ್ಯಾವಣ್ಣ ಹೋಗ್ತಾನೆ," ಅಂದ ಕುಪ್ಪಣ್ಣ. ಹಣೆಯಲ್ಲಿ ಬೆವರು.

ರಾಜನಿಗೆ ಸಾಹುಕಾರನ ಮೇಲೆ ಮಮತೆ ಇತ್ತು. ಆದರೆ ಮಾತು ತಾತನದು, ಕೆಳಗೆ ನಿಂತದ್ದು ಮೂರು ಕೇರಿ. "ಏರಿ ಬಂಡೆ ಹಾಗಿದೆಯಲ್ಲ ಕುಪ್ಪಣ್ಣ, ಹೆದರಿಕೆ ಯಾತಕ್ಕೆ? ಹೋಗಿ ಮಲಗು. ಊಟ ಅರಮನೆಯಿಂದಲೇ ಕಳಿಸುತ್ತೇನೆ," ಅಂದ.

ಏರಿಯ ಬುಡದಲ್ಲಿ ಚಾಪೆ ಹಾಸಿದರು. ಬಾಳೆಎಲೆಯಲ್ಲಿ ಚಿತ್ರಾನ್ನ, ಕೋಸಂಬರಿ, ಹೋಳಿಗೆ. ಜನವೆಲ್ಲ ದೂರದ ದಿಬ್ಬದ ಮೇಲೆ ನಿಂತು ನೋಡಿದರು. ಕುಪ್ಪಣ್ಣ ತುತ್ತಿಗೊಂದು ಸಲ ಹಿಂದೆ ತಿರುಗಿ ಏರಿ ನೋಡಿದ. ಬೆನ್ನ ಹಿಂದೆ ನೀರು ಜಿನುಗುವ ಸದ್ದು. ಮೇಲೆ ಗುಡುಗಿತು. ಮಲಗಿದ. ಮಗ್ಗುಲು ಬದಲಿಸಿದ. ಹೊಟ್ಟು ಬೆರೆತ ನೀರು ಹರಿದು ಬಂದು ಹೋಳಿಗೆ ಒದ್ದೆ ಮಾಡಿತು. ಮೂಗಿನ ಮೇಲೆ ಮೊದಲ ಹನಿ ಬಿತ್ತು, ಆಕಾಶದ್ದೋ ಕೆರೆಯದೋ ನೋಡಲು ಅವನು ಕಾಯಲಿಲ್ಲ. ಪಂಚೆ ಎತ್ತಿ ಕಟ್ಟಿ ದಿಬ್ಬದ ಕಡೆ ಓಡಿದ. ಬಾಯಲ್ಲಿ ಒಂದೇ ಮಾತು:

"ಏರಿ ಒಡೀತದೆ! ಓಡ್ರೋ! ಒಳಗೆಲ್ಲ ಹೊಟ್ಟು ತುಂಬಿಸಿದೀನಿ, ಓಡ್ರೋ!"

ಅವನು ಕೊಂಡ ಮೂರೂ ಡಂಗುರ ಸೇರಿ ಅಷ್ಟು ಚೆನ್ನಾಗಿ ಯಾವತ್ತೂ ನಿಜ ಸಾರಿರಲಿಲ್ಲ.

ಪುಟ್ಟಿ ಓಡಿಹೋಗಿ ಕೂಸು ಎತ್ತಿಕೊಂಡಳು. ಹಳ್ಳದ ಕೇರಿ ಖಾಲಿಯಾಯಿತು. ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಸೇರಿ ಕುಪ್ಪಣ್ಣನ ಉಗ್ರಾಣದ ಉಪ್ಪಿನ ಚೀಲ ಸುರಿದು, ಅದೇ ಚೀಲಗಳಿಗೆ ಕಲ್ಲು ಜೇಡಿ ತುಂಬಿ, ಮಳೆಯಲ್ಲೇ ಏರಿಗೆ ಒಡ್ಡಿದರು. ಕೆರೆ ನಿಂತಿತು. ಕೂಸು ತನ್ನ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಯಿತು. ಸಣ್ಣತಾಯಿ ಆಗ ಅತ್ತಳು, ಎಲ್ಲರೆದುರೇ.

ಕುಪ್ಪಣ್ಣನ ಗುತ್ತಿಗೆ ಹೋಯಿತು, ಡಂಗುರ ಹೋಯಿತು. ಏರಿಗೆ ಕಲ್ಲು ಹೊರುವ ಕೆಲಸ ಮಾತ್ರ ಸಿಕ್ಕಿತು. ರಾಜ ಗಂಟಲು ಸರಿಮಾಡಿಕೊಂಡ. "ಇನ್ನು ಈ ಡಂಗುರಗಳು ಅರಮನೆಯಲ್ಲೇ ಇರಲಿ. ನಮ್ಮ ಕೈಯಲ್ಲಿದ್ದರೆ ಕ್ಷೇಮ," ಅಂದ.

ಸಣ್ಣತಾಯಿ ಡಂಗುರವನ್ನು ಎದೆಗೊತ್ತಿಕೊಂಡೇ ಕೈಮುಗಿದಳು. "ಆಗಲಿ ಬುದ್ಧಿ. ರಾಜ್ಯದಲ್ಲಿ ಯಾರೂ ಹಸಿದಿಲ್ಲ ಅಂತ ನಾಳೆ ಸಾರಿಸಬೇಕು ಅಂತಿದ್ರಂತಲ್ಲ, ಸಾರ್ತೀನಿ. ನೀವು ನಮ್ಮ ಕೇರಿಗೆ ಬಂದು, ನಮ್ಮ ಮನೇಲಿ ನಾವು ಉಣ್ಣೋದನ್ನೇ ಉಂಡು, ಮುಂದಡಿ ಇಟ್ಟು ತೋರಿಸಿ."

ರಾಜ ಊಟದ ಹೊತ್ತಾಯಿತು ಅಂತ ಎದ್ದ. ಹೋಗುತ್ತ ಹೋಗುತ್ತ, "ಡಂಗುರ ಕೇರಿಯವರ ಹತ್ತಿರವೇ ಇರಲಿ," ಅಂದ.

ಅಂದಿನಿಂದ ಆ ರಾಜ್ಯದಲ್ಲಿ ಒಂದು ಕೇರಿಯ ಡಂಗುರವನ್ನು ಇನ್ನೊಬ್ಬರು ಕೊಳ್ಳುವ ಹಾಗಿಲ್ಲ, ಹಿಡಿ ಅಕ್ಕಿ ಕೂಡಿಸಿ ಕೇರಿಯವರೇ ಚರ್ಮ ಹಾಕಿಸುತ್ತಾರೆ. ನೀತಿ ಏನು ಅಂತ ಕೇಳುತ್ತೀರಾ? ಸುದ್ದಿ ಹೇಳುವ ಬಾಯನ್ನು ದುಡ್ಡಿದ್ದವನ ಕೈಗೆ ಕೊಟ್ಟರೆ ಅವನು ತನ್ನ ತಪ್ಪನ್ನು ಮುಚ್ಚುತ್ತಾನೆ, ಮುಳುಗುವುದು ನಮ್ಮ ಮನೆ. ಆದ್ದರಿಂದ ಸುದ್ದಿ ಕೇಳಿದಾಗಲೆಲ್ಲ ಡಂಗುರ ಯಾರದು ಅಂತ ಕೇಳಿ. ಏಳಿ ಇನ್ನು, ಕಥೆ ಕೆರೆಯ ಆಚೆ ದಡ ಸೇರಿತು, ನಾವು ನಮ್ಮ ನಮ್ಮ ಮನೆ ಸೇರೋಣ.